ಒಂದೇ ಕಟ್ಟೆಯ ಮೇಲೆ ಎರಡು ಮುಪ್ಪು

(ಗಿರಣಿ ಕೆಲಸಗಾರರು ಮತ್ತು ಸಣ್ಣ ವರ್ತಕರು ದಾವಣಗೆರೆಯಲ್ಲಿ ಸೇರಿದ್ದ ಸಂಜೆಯ ಸಭೆಯಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರು ಮಾಡಿದ ಭಾಷಣ)



ಈ ಸಭೆಯ ಕಾರ್ಯಕರ್ತರು ನಮಗೆ ಮಾತನಾಡಲು ಒಂದು ವಿಷಯ ಕೊಡಲಿಲ್ಲ, ನಾಲ್ಕು ಕೊಟ್ಟರು. ರಾಜಕೀಯ, ದೇವರು, ಸಿನಿಮಾ, ಮುಪ್ಪು. ನಾಲ್ಕನ್ನೂ ಮಂಡಕ್ಕಿ ಕಲಸಿದಂತೆ ಕಲಸಿ ಒಂದೇ ಪೊಟ್ಟಣ ಕಟ್ಟಿಕೊಡಿ ಮೇಷ್ಟ್ರೇ ಎಂದರು. ನಾವು ಮೂವತ್ತೈದು ವರ್ಷ ಪಾಠ ಹೇಳಿ 2005ರಲ್ಲಿ ನಿವೃತ್ತರಾದವರು. ಮೇಷ್ಟ್ರು ಮಾತಿಗೆ ನಿಂತರೆ ಗಂಟೆ ಬಾರಿಸುವ ತನಕ ಬಿಡುವುದಿಲ್ಲವೆಂಬ ಭಯ ನಿಮಗೆ ಇದ್ದೇ ಇರುತ್ತದೆ. ಆದ್ದರಿಂದ ಮುಪ್ಪನ್ನೇ ಮುಖ್ಯವಾಗಿ ಹಿಡಿಯುತ್ತೇವೆ. ಉಳಿದ ಮೂರೂ ಕರೆಯದಿದ್ದರೂ ಅದರ ಬೆನ್ನಿಗೆ ಬರುತ್ತವೆ.

ಮುಪ್ಪು ಎಲ್ಲರಿಗೂ ಒಂದೇ ಎನ್ನುವ ಮಾತು ಲೋಕದಲ್ಲಿ ವಾಡಿಕೆಯಲ್ಲಿದೆ. ದೊರೆಗೂ ಹಲ್ಲು ಬೀಳುತ್ತದೆ, ಜವಾನನಿಗೂ ಬೀಳುತ್ತದೆ ಎನ್ನುತ್ತಾರೆ. ಕೇಳಲು ಹಿತವಾದ ಮಾತು. ಆದರೆ ಸಂಜೆ ಹೊತ್ತು ಅರಳಿಕಟ್ಟೆಯ ಮೇಲೆ ನಮ್ಮೊಡನೆ ಕೂರುವ ಗೆಳೆಯರೊಬ್ಬರಿದ್ದಾರೆ, ಗಿರಣಿಯ ನೂಲುವ ಖಾತೆಯಲ್ಲಿ ಮೂರು ಪಾಳಿಯನ್ನೂ ಕಂಡವರು. ಅವರಿಗೂ ನಮಗೂ ವಯಸ್ಸಿನಲ್ಲಿ ಮೂರು ತಿಂಗಳ ಅಂತರ. ಇಬ್ಬರಿಗೂ ಕಣ್ಣಿನ ಪೊರೆ ತೆಗೆದಾಗಿದೆ, ಇಬ್ಬರಿಗೂ ಮೊಣಕಾಲು ಮಾತು ಕೇಳುವುದಿಲ್ಲ. ಅವರಿಗೆ ಕೆಮ್ಮು ಹೆಚ್ಚು. ಹತ್ತಿಯ ಧೂಳಿನಿಂದ ಬರುವ ಉಸಿರಿನ ಬೇನೆಗೆ ಕಾಯಿದೆಯ ರೋಗಪಟ್ಟಿಯಲ್ಲಿಯೇ ಹೆಸರಿದೆ. ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಔಷಧಿಯ ದುಡ್ಡು ಹುಟ್ಟುವುದಿಲ್ಲ.

ಹೋದ ವರ್ಷ ಅವರು ಜೀವಂತ ಪ್ರಮಾಣಪತ್ರ ಕೊಡಲು ಹೋದರು. ಪಿಂಚಣಿದಾರ ಬದುಕಿದ್ದಾನೆಂದು ವರ್ಷಕ್ಕೊಮ್ಮೆ ತೋರಿಸಬೇಕಷ್ಟೆ. 2014ರ ನವೆಂಬರಿನಿಂದ ಇದನ್ನು ಯಂತ್ರದ ಮೇಲೆ ಬೆರಳಿಟ್ಟು ತೋರಿಸುವ ಏರ್ಪಾಡು ಬಂದಿದೆ. ಅವರು ಹೆಬ್ಬೆರಳಿಟ್ಟರು, ಯಂತ್ರ ಒಪ್ಪಲಿಲ್ಲ. ತೋರುಬೆರಳಿಟ್ಟರು, ಅದೂ ಇಲ್ಲ. ಹತ್ತು ಬೆರಳೂ ಆಯಿತು. ದಾರ ತುಂಡಾದಾಗಲೆಲ್ಲ ಹಿಡಿದು ಹೊಸೆದು ಹೊಸೆದು ಬೆರಳಿನ ಗೆರೆಗಳು ಸವೆದುಹೋಗಿದ್ದವು. ಯಂತ್ರದ ಮುಂದೆ ಕುಳಿತಿದ್ದ ಹುಡುಗ ಒಳ್ಳೆಯವನೇ. ‘ಯಜಮಾನ್ರೇ, ನೀವು ಇದ್ದೀರಿ ಅಂತ ಇದು ಒಪ್ತಾ ಇಲ್ಲ’ ಎಂದನಂತೆ. ನಮ್ಮ ಗೆಳೆಯರು ಇದನ್ನು ನಗುತ್ತಲೇ ಹೇಳಿದರು. ನಾವೂ ನಕ್ಕೆವು. ಆದರೆ ಯೋಚಿಸಿ: ಗಿರಣಿಗೆ ಕೊಟ್ಟ ಬೆರಳೇ ಗಿರಣಿಯ ಪಿಂಚಣಿಗೆ ಅಡ್ಡ ಬಂದಿತು. ಮುಖ ನೋಡಿ ಗುರುತಿಸುವ ಇನ್ನೊಂದು ಏರ್ಪಾಡು 2021ರಲ್ಲಿಯೇ ಬಂದಿದೆ. ಆ ದಿನ ಅದನ್ನು ಅವರಿಗೆ ಹೇಳುವವರು ಇರಲಿಲ್ಲ.

ಇನ್ನು ಇಷ್ಟೆಲ್ಲ ಮಾಡಿ ಪಡೆಯುವ ಹಣವೆಷ್ಟು? ಲೆಕ್ಕದ ಮೇಷ್ಟ್ರು ನಾವು, ಲೆಕ್ಕ ಹಾಕದೆ ಬಿಡಲಾರೆವು. ನೌಕರರ ಪಿಂಚಣಿ ಯೋಜನೆ ಜಾರಿಗೆ ಬಂದದ್ದು 1995ರ ನವೆಂಬರ್ 16ರಂದು. ಮಾಲೀಕ ಭವಿಷ್ಯನಿಧಿಗೆ ಕಟ್ಟುವ ಪಾಲಿನಲ್ಲಿ ನೂರಕ್ಕೆ 8.33 ಇದಕ್ಕೆ ಹೋಗುತ್ತದೆ, ಕೇಂದ್ರ ಸರ್ಕಾರ ನೂರಕ್ಕೆ 1.16 ಸೇರಿಸುತ್ತದೆ. ಪಿಂಚಣಿ ಕಟ್ಟುವ ಸೂತ್ರ ಹೀಗಿದೆ: ಪಿಂಚಣಿಗೆ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಸಂಬಳ 6,500 ರೂಪಾಯಿ, ಸೇವೆ 14 ವರ್ಷ ಎಂದಿಟ್ಟುಕೊಳ್ಳಿ. ಹದಿನಾಲ್ಕು ಎಪ್ಪತ್ತರ ಐದನೆಯ ಒಂದು ಪಾಲು. ತಿಂಗಳಿಗೆ 1,300 ರೂಪಾಯಿ. 1995ಕ್ಕೆ ಹಿಂದಿನ ಸೇವೆಗೆ ಬೇರೆ ಕೋಷ್ಟಕವುಂಟು, ಅದರಲ್ಲಿಯೂ ಕೈತುಂಬ ಬರುವುದಿಲ್ಲ. ಹೀಗೆ ಬಂದ ಮೊತ್ತ ಎಷ್ಟೋ ಮಂದಿಗೆ ಐದು ನೂರು ಆರು ನೂರಕ್ಕೆ ನಿಂತಿತ್ತೆಂದು 2014ರ ಸೆಪ್ಟೆಂಬರ್ 1ರಿಂದ ಕನಿಷ್ಠ 1,000 ರೂಪಾಯಿ ಎಂದು ಗೊತ್ತುಮಾಡಿದರು. 2024ರಲ್ಲಿ ಅದಕ್ಕೆ ಹತ್ತು ವರ್ಷ ತುಂಬಿತು, ಮೊತ್ತ ಮಾತ್ರ ಅಲ್ಲಿಯೇ ಇತ್ತು. ಇದಕ್ಕೆ ತುಟ್ಟಿಭತ್ಯೆ ಇಲ್ಲ. ಎಣ್ಣೆ ಬೇಳೆಯ ಧಾರಣೆ ಎಷ್ಟು ಏರಿದರೂ ಪಿಂಚಣಿ ಕೂತ ಕಡೆಯಿಂದ ಏಳುವುದಿಲ್ಲ. ಗಂಡ ತೀರಿಕೊಂಡರೆ ಹೆಂಡತಿಗೆ ಅದರ ಅರ್ಧ. ಅರ್ಧವೂ ತೀರ ಕೆಳಗಿಳಿದರೆ ಅದೇ ಕನಿಷ್ಠ 1,000.

ನಮ್ಮದು ಬೇರೆ. ಕೊನೆಯ ಸಂಬಳದ ಅರ್ಧ, ಅದರ ಮೇಲೆ ವರ್ಷಕ್ಕೆ ಎರಡು ಬಾರಿ ಪರಿಷ್ಕಾರವಾಗುವ ತುಟ್ಟಿಭತ್ಯೆ. ನಾವು ಪಡೆಯುವುದು ಕಟ್ಟೆಯ ಆ ಗೆಳೆಯರು ಪಡೆಯುವುದರ ಇಪ್ಪತ್ತು ಪಟ್ಟಿಗಿಂತ ಹೆಚ್ಚು. ನಾವು ಸುಣ್ಣದ ಕಡ್ಡಿ ಹಿಡಿದದ್ದು ಅವರು ದಾರ ಹಿಡಿದದ್ದಕ್ಕಿಂತ ಇಪ್ಪತ್ತು ಪಟ್ಟು ಕಷ್ಟದ ಕೆಲಸವಾಗಿತ್ತೆ? ಯಾವ ತಕ್ಕಡಿಯಲ್ಲಿ ತೂಗಿದರೂ ಆ ಉತ್ತರ ಬರುವುದಿಲ್ಲ. ಹಾಗೆಂದು ಮೇಷ್ಟ್ರ ಪಿಂಚಣಿ ಕಿತ್ತುಕೊಳ್ಳಿ ಎಂದು ನಾವು ಹೇಳುತ್ತಿಲ್ಲ. 2006ರ ಏಪ್ರಿಲ್ 1ರಿಂದ ಈಚೆಗೆ ಕೆಲಸಕ್ಕೆ ಸೇರಿದ ರಾಜ್ಯದ ನೌಕರರನ್ನು ಹೊಸ ಪಿಂಚಣಿ ಪದ್ಧತಿಗೆ ಹಾಕಿದರು. ಮೇಲಿನವನನ್ನು ಕೆಳಗಿಳಿಸುವ ಸಮಾನತೆಗೆ ಸರ್ಕಾರಗಳು ಬಹಳ ಬೇಗ ಒಪ್ಪುತ್ತವೆ. ಕೆಳಗಿನವನನ್ನು ಎತ್ತುವ ಮಾತು ಬಂದಾಗ ಖಜಾನೆ ಖಾಲಿಯೆನ್ನುತ್ತವೆ.

ವರ್ತಕ ಬಂಧುಗಳ ಗತಿ ಇನ್ನೂ ಸರಳ. ನಿಮಗೆ ಏನೂ ಇಲ್ಲ. 2019ರಲ್ಲಿ ಸಣ್ಣ ವರ್ತಕರಿಗೆಂದು ಒಂದು ಪಿಂಚಣಿ ಯೋಜನೆ ಬಂದಿತು. ಅರವತ್ತು ತುಂಬಿದ ಮೇಲೆ ತಿಂಗಳಿಗೆ 3,000. ಆದರೆ ಸೇರುವವರ ವಯಸ್ಸು 18ರಿಂದ 40ರ ಒಳಗೆ ಇರಬೇಕು. ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಆಗಲೇ ತಲೆ ನರೆತವನಿಗೆ ಆ ಬಾಗಿಲು ಹುಟ್ಟುವಾಗಲೇ ಮುಚ್ಚಿತ್ತು. ಉಳಿದದ್ದು ವೃದ್ಧಾಪ್ಯ ವೇತನ. ಅದರಲ್ಲಿ ಎಪ್ಪತ್ತೊಂಬತ್ತು ವರ್ಷದವರೆಗಿನವರಿಗೆ ಕೇಂದ್ರ ಗೊತ್ತುಮಾಡಿರುವ ಪಾಲು ತಿಂಗಳಿಗೆ 200 ರೂಪಾಯಿ. ನಮ್ಮ ರಾಜ್ಯ 2007ರಲ್ಲಿ ಸಂಧ್ಯಾ ಸುರಕ್ಷಾ ಎಂಬ ಯೋಜನೆ ತಂದದ್ದು, 2021ರಲ್ಲಿ ಅದರ ಮೊತ್ತವನ್ನು 1,200ಕ್ಕೆ ಏರಿಸಿದ್ದು ಒಳ್ಳೆಯದೇ ಆಯಿತು. ಆದರೆ ಅದಕ್ಕೆ ತಾನು ಕಡುಬಡವನೆಂದು ಪತ್ರ ತರಬೇಕು. ನಲವತ್ತು ವರ್ಷ ಬೀದಿಗೆಲ್ಲ ಉದ್ದರಿ ಕೊಟ್ಟು ಮರ್ಯಾದೆಯಿಂದ ಬಾಳಿದ ಅಂಗಡಿಯವನು ಆ ಪತ್ರಕ್ಕಾಗಿ ಸರತಿಯಲ್ಲಿ ನಿಲ್ಲುವುದಕ್ಕಿಂತ ಹಸಿದಿರುವುದೇ ಲೇಸೆನ್ನುತ್ತಾನೆ.

ಈಗ ಸಿನಿಮಾಕ್ಕೆ ಬರೋಣ. ನಿಮ್ಮಲ್ಲಿ ನರೆತ ತಲೆಯವರಿಗೆಲ್ಲ ‘ಸ್ಕೂಲ್ ಮಾಸ್ಟರ್’ ನೆನಪಿರಬೇಕು. 1958ರ ಚಿತ್ರ. ಬಿ. ಆರ್. ಪಂತುಲು ಅವರೇ ತಯಾರಿಸಿ, ನಿರ್ದೇಶಿಸಿ, ಮೇಷ್ಟ್ರ ಪಾತ್ರವನ್ನೂ ವಹಿಸಿದ್ದರು. ಎಂ. ವಿ. ರಾಜಮ್ಮನವರು ಮೇಷ್ಟ್ರ ಪತ್ನಿ. ನಾವು ಟೆಂಟಿನಲ್ಲಿ ನೆಲದ ಮೇಲೆ ಕೂತು ನೋಡಿದಾಗ ಚಿಕ್ಕ ಹುಡುಗರು. ಮುಂದೆ ಮೇಷ್ಟ್ರಾಗಬೇಕೆಂಬ ಆಸೆ ಬೀಜ ಬಿದ್ದದ್ದು ಅಲ್ಲಿಯೇ ಇದ್ದೀತು. ನಿವೃತ್ತರಾದ ಮೇಷ್ಟ್ರಿಗೆ ಮನೆ ಕೈಬಿಡುವ ಹೊತ್ತು ಬರುತ್ತದೆ, ಮಕ್ಕಳು ತಂದೆಯನ್ನೊಬ್ಬ ತಾಯಿಯನ್ನೊಬ್ಬ ಎಂದು ಹಂಚಿಕೊಳ್ಳುತ್ತಾರೆ. ಟೆಂಟಿನಲ್ಲಿ ಅಳದವರೇ ಇರಲಿಲ್ಲ. ಕಡೆಗೆ ಹಳೆಯ ಶಿಷ್ಯನೊಬ್ಬ ಪೊಲೀಸ್ ಅಧಿಕಾರಿಯಾಗಿ ಬಂದು ಗುರುವಿನ ಮನೆ ಉಳಿಸುತ್ತಾನೆ. ಆ ಚಿಕ್ಕ ಪಾತ್ರಕ್ಕೆ ಶಿವಾಜಿ ಗಣೇಶನ್ ಅವರೇ ಬಂದಿದ್ದರು. ಜನ ಚಪ್ಪಾಳೆ ತಟ್ಟಿ ಕಣ್ಣೊರೆಸಿಕೊಂಡು ಮನೆಗೆ ಹೋದರು.

ಚಿತ್ರ ಚೆನ್ನಾಗಿಯೇ ಇತ್ತು, ಅದಕ್ಕೆ ಎರಡು ಮಾತಿಲ್ಲ. ಆದರೆ ಈ ವಯಸ್ಸಿನಲ್ಲಿ ಅದನ್ನು ಮತ್ತೆ ಕಂಡಾಗ ಒಂದು ಪ್ರಶ್ನೆ ಏಳುತ್ತದೆ. ಮೇಷ್ಟ್ರಿಗೇನೋ ಶಿಷ್ಯ ಬಂದ. ಗಿರಣಿ ಕೆಲಸಗಾರನಿಗೆ ಯಾರು ಬರಬೇಕು? ಅವನು ನೂತ ನೂಲು ಪೊಲೀಸ್ ಅಧಿಕಾರಿಯಾಗಿ ತಿರುಗಿ ಬರುವುದುಂಟೆ? ಆ ನೂಲಿನ ಅಂಗಿ ತೊಟ್ಟವನಿಗೆ ಇವನ ಹೆಸರು ಗೊತ್ತುಂಟೆ?

ಇನ್ನೊಂದು ಮಾತು. ನಮ್ಮ ಚಿತ್ರಗಳಲ್ಲಿ ಮುದುಕರ ಕಷ್ಟಕ್ಕೆ ಯಾವಾಗಲೂ ಮನೆಯೊಳಗಿನವರೇ ಕಾರಣ. ಮಗ ಕೃತಘ್ನ, ಸೊಸೆ ಜಗಳಗಂಟಿ. 1972ರ ‘ಬಂಗಾರದ ಮನುಷ್ಯ’ದಲ್ಲಿ ರಾಜ್‌ಕುಮಾರ್ ಅವರ ರಾಜೀವ ಮುದುಕನಲ್ಲ, ಆದರೂ ಸಾಕಿ ಬೆಳೆಸಿದ ಹುಡುಗನ ಮಾತಿಗೆ ನೊಂದು ಉಟ್ಟ ಬಟ್ಟೆಯಲ್ಲಿ ಹೊರಟುಹೋಗುತ್ತಾನೆ. ಆ ಚಿತ್ರ ನೋಡಿ ಪಟ್ಟಣ ಬಿಟ್ಟು ಹೊಲಕ್ಕೆ ಮರಳಿದವರಿದ್ದಾರೆಂದು ಇಂದಿಗೂ ಹೇಳುತ್ತಾರೆ, ಅದು ದೊಡ್ಡ ಮಾತೇ. ಆದರೆ ನಮ್ಮ ಬೀದಿಯ ಮಗಂದಿರನ್ನು ನಾವು ಬಲ್ಲೆವು. ಒಂದನೆಯ ತರಗತಿಯಿಂದ ಕಿವಿ ಹಿಂಡಿದವರು ನಾವು. ಅವರು ಕೃತಘ್ನರಲ್ಲ. ಅಪ್ಪ ದುಡಿದ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಮಗ ಪೆಟ್ರೋಲ್ ಬಂಕಿನಲ್ಲಿಯೋ ಗೋದಾಮಿನಲ್ಲಿಯೋ ಗುತ್ತಿಗೆಯ ಮೇಲೆ ನಿಂತಿದ್ದಾನೆ. ಅವನ ಸಂಬಳದಲ್ಲಿ ಬಾಡಿಗೆ, ಎರಡು ಮಕ್ಕಳ ಫೀಜು, ತಾಯಿಯ ಸಕ್ಕರೆ ಕಾಯಿಲೆಯ ಗುಳಿಗೆ ಎಲ್ಲ ಆಗಬೇಕು. ಗುಳಿಗೆ ತರಲು ಮರೆತ ದಿನ ಮನೆಯಲ್ಲಿ ಜಗಳ. ಆ ಜಗಳವನ್ನು ತೆರೆಯ ಮೇಲೆ ತೋರಿಸಿ ಇವನೇ ಖಳನೆಂದರೆ, ಗಿರಣಿ ಮುಚ್ಚಿದವನೂ ಪಿಂಚಣಿಯ ಸೂತ್ರ ಬರೆದವನೂ ಕತ್ತಲಲ್ಲಿ ಹಾಯಾಗಿ ಕೂತು ನಮ್ಮೊಡನೆಯೇ ಸಿನಿಮಾ ನೋಡುತ್ತಾರೆ.

ಸರ್ಕಾರವೂ ಸಿನಿಮಾ ನೋಡಿಯೇ ಕಾಯಿದೆ ಮಾಡಿತೇನೋ ಎನಿಸುತ್ತದೆ. 2007ರಲ್ಲಿ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆಯ ಕಾಯಿದೆ ಬಂದಿತು. ಮಕ್ಕಳು ನೋಡಿಕೊಳ್ಳದಿದ್ದರೆ ತಂದೆತಾಯಿ ದೂರು ಕೊಡಬಹುದು, ತಿಂಗಳಿಗೆ 10,000 ರೂಪಾಯಿಯವರೆಗೆ ಜೀವನಾಂಶ ಕೊಡಿಸಬಹುದು ಎಂದಿತು. ಆಸ್ತಿ ಬರೆಸಿಕೊಂಡು ಹೊರಗೆ ಹಾಕಿದ ಮಕ್ಕಳ ಮೇಲೆ ಅದು ಬೇಕಾದ ಕಾಯಿದೆಯೇ. ಆದರೆ ಇಲ್ಲದವನ ಮಗನೂ ಇಲ್ಲದವನೇ ಆಗಿರುವಾಗ ಯಾರ ಮೇಲೆ ಯಾರು ದೂರು ಕೊಡಬೇಕು?

ಸಿನಿಮಾವನ್ನು ಇಷ್ಟು ಬೈದು ಮುಂದಕ್ಕೆ ಹೋದರೆ ಅನ್ಯಾಯವಾದೀತು. ‘ಸಂಸ್ಕಾರ’ದ ಹೆಸರು ಹೇಳಲೇಬೇಕು. ಅನಂತಮೂರ್ತಿಯವರ 1965ರ ಕಾದಂಬರಿ, ಸಮಾಜವಾದಿ ಪಟ್ಟಾಭಿರಾಮ ರೆಡ್ಡಿಯವರ 1970ರ ಚಿತ್ರ. ಮೊದಲು ಸೆನ್ಸಾರಿನವರು ತಡೆದರು, ಆಮೇಲೆ ಅದಕ್ಕೇ ರಾಷ್ಟ್ರಪತಿಗಳ ಸ್ವರ್ಣಪದಕ ಬಂತು. ಸತ್ತವನ ಹೆಣ ಸುಡುವವರಿಲ್ಲದೆ ಅಗ್ರಹಾರವೆಲ್ಲ ಶಾಸ್ತ್ರ ನೋಡುತ್ತ ಕೂತಾಗ, ಮಾಡಬೇಕಾದ್ದನ್ನು ಮಾಡಿಸುವವಳು ಚಂದ್ರಿ. ಆ ಪಾತ್ರ ವಹಿಸಿದವರು ಸ್ನೇಹಲತಾ ರೆಡ್ಡಿಯವರು. ಇಲ್ಲಿಂದ ಸಿನಿಮಾ ತಾನಾಗಿಯೇ ರಾಜಕೀಯಕ್ಕೆ ತಿರುಗುತ್ತದೆ.

1976ರಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ, ಸ್ನೇಹಲತಾ ಅವರನ್ನು ಹಿಡಿದು ಬೆಂಗಳೂರಿನ ಸೆರೆಮನೆಯಲ್ಲಿಟ್ಟರು. ಅವರಿಗೆ ಉಬ್ಬಸವಿತ್ತು. ಸೆರೆಯಲ್ಲಿ ಅದು ಉಲ್ಬಣಿಸಿತು. ಅದೇ ವರ್ಷ ಅದೇ ಸರ್ಕಾರ ಸಂವಿಧಾನಕ್ಕೆ 42ನೆಯ ತಿದ್ದುಪಡಿ ತಂದು, ಪೀಠಿಕೆಯಲ್ಲಿ ‘ಸಮಾಜವಾದಿ’ ಎಂಬ ಮಾತನ್ನು ಸೇರಿಸಿತು. ಅದು 1977ರ ಜನವರಿ 3ರಂದು ಜಾರಿಗೆ ಬಂದಿತು. ಪರೋಲಿನ ಮೇಲೆ ಬಿಡುಗಡೆಯಾದ ಕೆಲವೇ ದಿನಗಳಲ್ಲಿ, ಜನವರಿ 20ರಂದು, ಸ್ನೇಹಲತಾ ತೀರಿಕೊಂಡರು. ಮಾತು ಪೀಠಿಕೆಗೆ ಬಂದ ಹದಿನೇಳನೆಯ ದಿನ ಆ ಮಾತಿಗಾಗಿ ಬಾಳಿದವರು ಹೋದರು. ಶಾಂತವೇರಿ ಗೋಪಾಲಗೌಡರು ಹೋದದ್ದು 1972ರ ಜೂನ್ 9ರಂದು, ಐವತ್ತು ತುಂಬುವ ಮೊದಲೇ. ಈ ಕಟ್ಟೆ, ಈ ಕೆಮ್ಮು, ಈ ಮೊಣಕಾಲಿನ ದೂರು, ಇವನ್ನು ಕಾಣುವ ಅವಕಾಶವೂ ಅವರಿಗೆ ಸಿಗಲಿಲ್ಲ.

ನಾವು ಮತ ಹಾಕಿದ ಗುರುತುಗಳನ್ನು ನೆನೆದರೆ ಒಂದನೆಯ ತರಗತಿಯ ಚಿತ್ರಪಟದಂತೆ ಕಾಣುತ್ತದೆ: ಆಲದ ಮರ, ನೇಗಿಲು ಹೊತ್ತ ರೈತ, ಚಕ್ರ. ನಮ್ಮ ಸಮಾಜವಾದಿಗಳು ಕೂಡಿದ್ದೂ ಒಡೆದದ್ದೂ ಎಷ್ಟು ಸಲವೆಂದು ಪಾಠ ಮಾಡಿದರೆ ಮಕ್ಕಳು ಬಾಯಿಪಾಠ ಮಾಡಲಾರರು. ಆದರೂ ಎರಡು ಸಂಗತಿಗಳನ್ನು ಹಿಡಿದುಕೊಂಡಿದ್ದೇವೆ.

ಒಂದು, ಕಾಗೋಡು. 1951ರಲ್ಲಿ ಸಾಗರ ತಾಲ್ಲೂಕಿನ ಆ ಹಳ್ಳಿಯ ಗೇಣಿದಾರರು ಜಗಳಕ್ಕೆ ನಿಂತದ್ದು ಮೊದಮೊದಲು ಭೂಮಿಯ ಒಡೆತನಕ್ಕಲ್ಲ, ಅಳತೆಯ ಕೊಳಗಕ್ಕೆ. ಗೇಣಿ ಅಳೆಯುವ ಕೊಳಗ ದೊಡ್ಡದಾಗಿದೆ, ಸರಿಯಾದ ಕೊಳಗದಿಂದ ಅಳೆಯಿರಿ ಎಂದರು. ಅಷ್ಟಕ್ಕೇ ಸಾಲುಸಾಲಾಗಿ ಜೈಲಿಗೆ ಹೋದರು. ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ಆ ಜಗಳ ಬೆಳೆದು ಉಳುವವನಿಗೆ ಭೂಮಿ ಎಂಬ ಕಾಯಿದೆಯಾಗಿ ಜಾರಿಗೆ ಬಂದದ್ದು 1974ರಲ್ಲಿ. ನಮಗೆ ತೋಚುವುದು ಇಷ್ಟೆ: ಪಿಂಚಣಿಯ ಸೂತ್ರದಲ್ಲಿರುವ ಆ 70 ಎಂಬ ಅಂಕೆ ನಮ್ಮ ಕಾಲದ ಕೊಳಗ. ಅದನ್ನು ಗಾತ್ರ ನೋಡಿ ಮಾಡಿದವರು ಮನುಷ್ಯರೇ, ಸಣ್ಣದು ಮಾಡಬೇಕಾದವರೂ ಅವರೇ. ಆದರೆ ಕಾಗೋಡಿನಿಂದ ಕಾಯಿದೆಗೆ ಇಪ್ಪತ್ತಮೂರು ವರ್ಷ ಹಿಡಿಯಿತು. ಇಲ್ಲಿ ಕೂತಿರುವವರಲ್ಲಿ ಇಪ್ಪತ್ತಮೂರು ವರ್ಷ ಕಾಯುವ ವಯಸ್ಸು ಎಷ್ಟು ಜನರದು?

ಎರಡನೆಯದು 1982ರ ಡಿಸೆಂಬರ್ 17. ಡಿ. ಎಸ್. ನಕಾರಾ ಎಂಬ ನಿವೃತ್ತ ಅಧಿಕಾರಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು. ಪಿಂಚಣಿಯೆಂಬುದು ಧಣಿ ಮನಸ್ಸು ಬಂದು ಕೊಡುವ ಇನಾಮಲ್ಲ, ಹಿಂದೆ ದುಡಿದದ್ದಕ್ಕೆ ಸಲ್ಲುವ ಹಕ್ಕು ಎಂದಿತು. ಆ ತೀರ್ಪು ಬರೆದ ನ್ಯಾಯಮೂರ್ತಿ ಡಿ. ಎ. ದೇಸಾಯಿಯವರು ಆಧಾರವಾಗಿ ಹಿಡಿದ ಮಾತುಗಳಲ್ಲಿ ಪೀಠಿಕೆಯ ಆ ‘ಸಮಾಜವಾದಿ’ಯೂ ಒಂದು. ಜೈಲು ತುಂಬಿಸಿದ ಸರ್ಕಾರ ಅಲಂಕಾರಕ್ಕೆಂದು ಬರೆದ ಮಾತು ಆರೇ ವರ್ಷಗಳಲ್ಲಿ ಮುದುಕರ ಕೈಗೆ ಕೋಲಾಯಿತು. ಇಂದಿಗೂ ಡಿಸೆಂಬರ್ 17ನ್ನು ಪಿಂಚಣಿದಾರರ ದಿನವೆಂದು ಆಚರಿಸುತ್ತಾರೆ. ನಾವೂ ಶಾಲು ಹೊದ್ದು ಹೋಗಿದ್ದೇವೆ. ಅಲ್ಲಿ ಮೇಷ್ಟ್ರು, ಗುಮಾಸ್ತರು, ಇಂಜಿನಿಯರುಗಳು ಎಲ್ಲ ಇರುತ್ತಾರೆ. ಗಿರಣಿಯವರೊಬ್ಬರನ್ನೂ ಕರೆದಿರುವುದಿಲ್ಲ. ಹಿಂದೆ ದುಡಿದದ್ದಕ್ಕೆ ಸಲ್ಲುವ ಹಕ್ಕು ಎಂದ ಮೇಲೆ ಕಚೇರಿಯ ದುಡಿಮೆ, ಖಾತೆಯ ದುಡಿಮೆ ಎಂದು ಎರಡು ಜಾತಿ ಮಾಡುವುದು ಯಾವ ನ್ಯಾಯ?

ದೇವರ ವಿಷಯ ಉಳಿಯಿತು. ‘ಮೇಷ್ಟ್ರೇ, ನೀವು ದೇವರನ್ನು ನಂಬ್ತೀರಾ?’ ಎಂದು ಹುಡುಗರು ಕೇಳುತ್ತಾರೆ. ದೀಪ ಹಚ್ಚುವ ಹೊತ್ತಿಗೆ ಮನೆಯಾಕೆ ಕೈಮುಗಿದಾಗ ನಾವೂ ಸುಮ್ಮನೆ ಪಕ್ಕದಲ್ಲಿ ಕೂರುತ್ತೇವೆ, ಅಷ್ಟು ಹೇಳಿದರೆ ಸಾಕು. ನಾಸ್ತಿಕರಾದ ಲೋಹಿಯಾ ಅವರೇ ರಾಮ, ಕೃಷ್ಣ, ಶಿವರನ್ನು ಕುರಿತು ಅಕ್ಕರೆಯಿಂದ ಬರೆದಿದ್ದಾರೆ. ಹಿಂದೆ ಕೆಂಪು ಟೊಪ್ಪಿಗೆ ಹಾಕಿದವರು ಈಗ ದೇವಸ್ಥಾನಕ್ಕೆ ಹೋದರೆ ನಗುವವರಿದ್ದಾರೆ. ನಗಬಾರದು. ವಯಸ್ಸಾದಾಗ ಸಾವು ದಿನಪತ್ರಿಕೆಯ ಮೂಲೆಯಲ್ಲಿ ಇರುವುದಿಲ್ಲ, ಪಕ್ಕದ ಮನೆಯಲ್ಲಿ ಇರುತ್ತದೆ. ಹೋದ ಮಳೆಗಾಲಕ್ಕಿದ್ದ ಗೆಳೆಯ ಈ ಮಳೆಗಾಲಕ್ಕಿಲ್ಲ. ಆಗ ಒಂದು ಭಜನೆ, ಒಂದು ಗಂಟೆಯ ನಾದ ಬೇಕೆನಿಸಿದರೆ ಅದು ಮನುಷ್ಯ ಸಹಜ.

ನಾವು ಜಗಳ ಕಾಯುವುದು ಒಂದೇ ಮಾತಿನ ಮೇಲೆ, ಹಣೆಬರಹ. ಕಟ್ಟೆಯ ಗೆಳೆಯರು ‘ನಮ್ಮ ಹಣೇಲಿ ಇಷ್ಟೇ ಬರೆದದ್ದು ಮೇಷ್ಟ್ರೇ’ ಎಂದಾಗ ನಾವು ಸುಮ್ಮನಿರುವುದಿಲ್ಲ. ಮೊಣಕಾಲು ನೋವನ್ನು ಬೇಕಾದರೆ ಬ್ರಹ್ಮನ ಲೆಕ್ಕಕ್ಕೆ ಹಾಕಿ. ತಿಂಗಳಿಗೆ 1,300 ಎಂಬುದು ಬ್ರಹ್ಮ ಬರೆದದ್ದಲ್ಲ, ದೆಹಲಿಯ ಗೆಜೆಟ್ಟಿನಲ್ಲಿ ಮುದ್ರಿಸಿದ್ದು. ಬ್ರಹ್ಮನ ಬರಹಕ್ಕೆ ತಿದ್ದುಪಡಿಯಿಲ್ಲ, ಗೆಜೆಟ್ಟಿಗೆ ಉಂಟು. ನಮ್ಮ ನಾಡಿನ ಶರಣರು ದುಡಿಮೆಯನ್ನು ಕಾಯಕವೆಂದರು, ಹಂಚಿ ಉಣ್ಣುವುದನ್ನು ದಾಸೋಹವೆಂದರು. ದಾಸೋಹವೆಂದರೆ ಕೊಡುವವನೇ ದಾಸ. ಅಲ್ಲಿ ತೆಗೆದುಕೊಳ್ಳುವವನು ತಲೆ ತಗ್ಗಿಸಬೇಕಿಲ್ಲ. ಈಗಿನ ಕೆಲವು ಅನ್ನದಾನಗಳಲ್ಲಿ ಕೊಟ್ಟವರ ಹೆಸರು ಕಲ್ಲಿನ ಮೇಲೆ, ಉಂಡವರ ಭಾವಚಿತ್ರ ಮೊಬೈಲಿನಲ್ಲಿ. ಆ ಪಂಕ್ತಿಯಲ್ಲಿ ಕೂತು ಉಣ್ಣುವವರಲ್ಲಿ ಗಿರಣಿಯ ಹಳಬರೂ ಇದ್ದಾರೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆ ಊಟದ ಬೆಲೆ ಅವರು ಎಂದೋ ತೆತ್ತಾಗಿದೆ.

ಇನ್ನೂ ಒಂದಿದೆ. ಪಕ್ಕದ ಹರಿಹರದಲ್ಲಿ ಹೊಯ್ಸಳರ ಕಾಲದ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿಯಿದೆ. ಅರ್ಧ ಹರ, ಅರ್ಧ ಹರಿ, ವಿಗ್ರಹ ಒಂದೇ. ಎಂಟು ನೂರು ವರ್ಷದಿಂದ ಒಂದೇ ಮೈಯಲ್ಲಿ ಇಬ್ಬರೂ ನಿಂತಿದ್ದಾರೆ. ನಮ್ಮ ಕಟ್ಟೆಯ ಮೇಲಾದರೋ ಈಚೆಗೆ ಮುದುಕರು ಯಾವ ಮತದವರು ಎಲ್ಲಿ ಕೂರಬೇಕೆಂದು ನೋಡತೊಡಗಿದ್ದಾರೆ. ಮೊಬೈಲಿನಲ್ಲಿ ಬಂದದ್ದನ್ನು ಓದಿ, ಮೂವತ್ತು ವರ್ಷ ಒಂದೇ ಯಂತ್ರದ ಎರಡು ಬದಿ ನಿಂತು ದುಡಿದ ಸಾಬರನ್ನು ಕಂಡು ಮುಖ ತಿರುಗಿಸಿದವರನ್ನು ನಾವು ಬಲ್ಲೆವು. ಹತ್ತಿಯ ಧೂಳು ಅವರ ಎದೆಗೂ ಇವರ ಎದೆಗೂ ಹೋಗುವಾಗ ಜಾತಿ ಕೇಳಲಿಲ್ಲ. ಭಾಗಿಸುವ 70ಕ್ಕೂ ಮತವಿಲ್ಲ.

ಹೆಂಗಸರ ಮಾತು ಹೇಳದೆ ಕೂತರೆ ಮನೆಗೆ ಹೋದಾಗ ನಮಗೆ ಊಟ ಸಿಗುವುದು ಕಷ್ಟ. ಆ ‘ಸ್ಕೂಲ್ ಮಾಸ್ಟರ್’ ಚಿತ್ರದಲ್ಲಿ ಮೇಷ್ಟ್ರು ನಿವೃತ್ತರಾದರು, ಮೇಷ್ಟ್ರ ಹೆಂಡತಿ ಯಾವಾಗ ನಿವೃತ್ತರಾದರು? ನಮ್ಮ ಮನೆಯಲ್ಲಿಯೂ ಅದೇ. ನಾವು 2005ರಿಂದ ಕಟ್ಟೆಯ ಮೇಲಿದ್ದೇವೆ, ಆಕೆ ಇನ್ನೂ ಒಲೆಯ ಮುಂದೆ. ಮೊದಲ ಪಾಳಿಗೆ ಗಂಡನಿಗೆ ಬುತ್ತಿ ಕಟ್ಟಲು ನಾಲ್ಕು ಗಂಟೆಗೆ ಎದ್ದವರಿಗೆ ಯಾವ ಸೂತ್ರದಲ್ಲಿಯೂ ಜಾಗವಿಲ್ಲ. ನಮ್ಮ ಬೇಡಿಕೆಯ ಪತ್ರದಲ್ಲಿ ವಿಧವೆಯರಿಗೆ ಅರ್ಧವಲ್ಲ, ಪೂರ್ತಿ ಪಿಂಚಣಿ ಎಂಬ ಸಾಲು ಇರಬೇಕೆಂದು ಈ ಸಭೆಗೆ ಬಂದಿರುವ ತಾಯಂದಿರೊಬ್ಬರು ಈಗಷ್ಟೇ ಚೀಟಿ ಕಳಿಸಿದ್ದಾರೆ. ಕಾರ್ಯದರ್ಶಿಗಳು ಅದನ್ನು ಸೇರಿಸಿಕೊಳ್ಳಬೇಕು.

ಮಾಡಬೇಕಾದ ಕೆಲಸ ಹೇಳಿ ಕೂರುತ್ತೇವೆ. ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಸಂಘದ ಕಚೇರಿಯಲ್ಲಿ ನಾವೂ ಇನ್ನಿಬ್ಬರು ನಿವೃತ್ತ ಉಪಾಧ್ಯಾಯರೂ ಮೇಜು ಹಾಕಿಕೊಂಡು ಕೂರುತ್ತೇವೆ. ಗಿರಣಿಯವರು ಪಿಂಚಣಿ ಆದೇಶದ ಪ್ರತಿ, ಬ್ಯಾಂಕಿನ ಪುಸ್ತಕ, ಆಧಾರ್ ಚೀಟಿ ತನ್ನಿ. ಪ್ರತಿಯೊಬ್ಬರ ಲೆಕ್ಕವನ್ನೂ ಮತ್ತೆ ಹಾಕಿ ನೋಡುತ್ತೇವೆ, ವರ್ಷಗಳನ್ನು ಬಿಟ್ಟಿದ್ದರೆ ಅರ್ಜಿ ಬರೆದುಕೊಡುತ್ತೇವೆ. ಬೆರಳು ಒಪ್ಪದವರಿಗೆ ಮುಖ ತೋರಿಸಿ ಪ್ರಮಾಣಪತ್ರ ಮಾಡಿಕೊಡಲು ಇಬ್ಬರು ಹುಡುಗರು ಫೋನು ಹಿಡಿದು ಬರುತ್ತಾರೆ. ವರ್ತಕ ಬಂಧುಗಳು 2019ರಲ್ಲಿ ನಲವತ್ತು ದಾಟಿದ್ದವರ ಹೆಸರು, ವಯಸ್ಸು ಬರೆಸಬೇಕು. ಆ ಪಟ್ಟಿಯೂ ಬೇಡಿಕೆಯ ಪತ್ರವೂ ಸಂಸತ್ ಸದಸ್ಯರಿಗೆ ಒಟ್ಟಿಗೇ ಹೋಗುತ್ತವೆ. ಕೈಯಲ್ಲಿ ಕೊಡಲು ನಾವು ಮೇಷ್ಟ್ರುಗಳೂ ಗಿರಣಿಯವರ ಜೊತೆ ಬರುತ್ತೇವೆ. ಎಲ್ಲರೂ ತಮ್ಮ ತಮ್ಮ ಕನ್ನಡಕ ತರಬೇಕು. ಹೋದ ಸಲ ಹನ್ನೊಂದು ಜನಕ್ಕೆ ಒಂದೇ ಕನ್ನಡಕ ಸುತ್ತಾಡಿ ಮಧ್ಯಾಹ್ನ ಎರಡು ಗಂಟೆಯಾಯಿತು.